ಎರಡು ವೃದ್ಧಾಶ್ರಮಗಳ ಹೋಲಿಕೆ: ರಾತ್ರಿಯ ಆರೈಕೆಯೇ ನನ್ನ ಅಳತೆಗೋಲು

ನಮ್ಮ ತಾಯಿಯವರು ಎರಡು ವೃದ್ಧಾಶ್ರಮಗಳಲ್ಲಿ ಇದ್ದು ನೋಡಿದ್ದಾರೆ. ಈಗ ಅವರಿರುವುದು ಎರಡನೆಯದರಲ್ಲಿ. ಅಲ್ಲಿಂದ ಅವರನ್ನು ಬೇರೆಡೆಗೆ ಕರೆದೊಯ್ಯುವ ಯೋಚನೆ ನಮಗಿಲ್ಲ. ಮೊದಲನೆಯದು ದೊಡ್ಡದು, ಹೊಸದು, ಪ್ರತಿಯೊಬ್ಬರಿಗೂ ಪ್ರತ್ಯೇಕ ಕೋಣೆಯುಳ್ಳದ್ದು. ಎರಡನೆಯದು ಹಳೆಯ ಕಟ್ಟಡದಲ್ಲಿರುವ ಚಿಕ್ಕ ಆಶ್ರಮ. ಅಲ್ಲಿ ಇಬ್ಬರಿಗೊಂದು ಕೋಣೆ. ಸೌಕರ್ಯಗಳ ಪಟ್ಟಿಯನ್ನು ಎರಡೂ ಕಡೆಯವರು ಕೇಳಿದವರಿಗೆಲ್ಲ ಕೊಡುತ್ತಾರಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ತಾಯಿಯವರಿಗೆ ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿದೆ. ವಾಕರ್ ಹಿಡಿದು ನಡೆಯುತ್ತಾರೆ, ಆದರೆ ಮಂಚದಿಂದ ಏಳುವಾಗ ಒಬ್ಬರು ಕೈಕೊಡಬೇಕು. ಮರೆವು ಸ್ವಲ್ಪ ಇದೆ. ಮೂತ್ರದ ಮೇಲೆ ಅವರಿಗೆ ಪೂರ್ಣ ಹಿಡಿತವಿತ್ತು ಎಂಬುದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಮೊದಲನೆಯ ಆಶ್ರಮದಲ್ಲಿ ಎಲ್ಲವೂ ಕೆಟ್ಟದ್ದು ಅಲ್ಲಿಂದಲೇ.

ಆ ಆಶ್ರಮದಲ್ಲಿ ಹಗಲಿನ ವ್ಯವಸ್ಥೆ ಚೆನ್ನಾಗಿತ್ತು. ರಾತ್ರಿ ಪಾಳಿಗೆ ಮಾತ್ರ ಒಂದು ಮಹಡಿಗೆ ಒಬ್ಬರೇ ಸಹಾಯಕಿ. ಹಾಸಿಗೆಯ ಪಕ್ಕದಲ್ಲಿ ಕರೆಗಂಟೆ ಇತ್ತು. ಒತ್ತಿದರೆ ದೀಪವೂ ಹತ್ತುತ್ತಿತ್ತು. ಆದರೆ ಆ ಒಬ್ಬರು ಬೇರೊಂದು ಕೋಣೆಯಲ್ಲಿದ್ದರೆ ಬರುವುದು ಬಹಳ ತಡವಾಗುತ್ತಿತ್ತು. ಈ ತೊಂದರೆಗೆ ಅವರು ಕಂಡುಕೊಂಡ ಪರಿಹಾರ, ಮಲಗುವ ಹೊತ್ತಿಗೆ ಎಲ್ಲರಿಗೂ ಡೈಪರ್ ಕಟ್ಟುವುದು. ತಾಯಿಯವರು ಬೇಡವೆಂದಾಗ, 'ಏಳಬೇಡಿ ಅಮ್ಮ, ಅದರಲ್ಲೇ ಮಾಡಿಬಿಡಿ, ಬೆಳಿಗ್ಗೆ ಬದಲಾಯಿಸುತ್ತೇವೆ' ಎಂದಿದ್ದಾರೆ. ಮಾತಿನಲ್ಲಿ ಒರಟುತನವೇನೂ ಇರಲಿಲ್ಲ. ಆದರೆ ಜೀವಮಾನವೆಲ್ಲ ಶುಚಿಯಾಗಿ ಬದುಕಿದವರಿಗೆ ಆ ಮೃದು ಮಾತು ಎಷ್ಟು ನೋವು ಕೊಟ್ಟಿತೆಂಬುದು, ಅವರು ಸಂಜೆಯ ನಂತರ ನೀರು ಕುಡಿಯುವುದನ್ನೇ ನಿಲ್ಲಿಸಿದಾಗ ನಮಗೆ ತಿಳಿಯಿತು.

ಇದು ಕೇವಲ ಮುಜುಗರದ ಪ್ರಶ್ನೆಯಲ್ಲ. ವಯಸ್ಸಾದಂತೆ ರಾತ್ರಿಯಲ್ಲಿ ಮೂತ್ರವನ್ನು ಸಾಂದ್ರಗೊಳಿಸುವ ಶಕ್ತಿ ಮೂತ್ರಪಿಂಡಗಳಿಗೆ ಕಡಿಮೆಯಾಗುತ್ತದೆ. ಹಗಲೆಲ್ಲ ಕಾಲಿನಲ್ಲಿ ನಿಂತ ನೀರು ಮಲಗಿದ ಮೇಲೆ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಹಾಗಾಗಿ ವೃದ್ಧರು ರಾತ್ರಿ ಏಳುವುದು ಸಹಜವೇ. ಅವರಿಗೆ ಬಾಯಾರಿಕೆಯ ಅರಿವೂ ಮಂದವಾಗಿರುವುದರಿಂದ, ಭಯಕ್ಕೆ ನೀರು ಬಿಟ್ಟವರು ದೇಹ ಒಣಗುತ್ತಿರುವುದನ್ನು ಗಮನಿಸದೆ ಹೋಗುತ್ತಾರೆ. ಮಲಬದ್ಧತೆ, ಮೂತ್ರದ ಸೋಂಕು, ಎದ್ದು ನಿಂತಾಗ ತಲೆಸುತ್ತು, ಇದ್ದಕ್ಕಿದ್ದಂತೆ ದಿಕ್ಕುತೋಚದಂತಾಗುವುದು, ಇವೆಲ್ಲ ಒಂದರ ಹಿಂದೊಂದು ಬರಬಹುದು. ನಮ್ಮ ತಾಯಿಯವರಿಗೆ ಬಂದವು ಮಲಬದ್ಧತೆ ಮತ್ತು ತಲೆಸುತ್ತು.

ಇನ್ನೊಂದು ಕಡೆ ಚರ್ಮ. ಒದ್ದೆಯಲ್ಲಿ ಗಂಟೆಗಟ್ಟಲೆ ಇದ್ದ ಚರ್ಮ ಮೆತ್ತಗಾಗಿ ಸುಲಭವಾಗಿ ಕಿತ್ತುಬರುತ್ತದೆ. ಹಾಸಿಗೆ ಹುಣ್ಣಿನ ಅಪಾಯವನ್ನು ಅಳೆಯಲು ಅಮೆರಿಕದ ದಾದಿ ವಿಜ್ಞಾನಿಗಳಾದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರೋಮ್ ರೂಪಿಸಿದ, 1987ರಲ್ಲಿ ಪ್ರಕಟವಾದ ಬ್ರೇಡನ್ ಮಾಪಕದಲ್ಲಿ 6 ಅಂಶಗಳಿವೆ. ಸ್ಪರ್ಶದ ಅರಿವು, ಚಟುವಟಿಕೆ, ಮಗ್ಗುಲು ಬದಲಿಸುವ ಶಕ್ತಿ, ಪೋಷಣೆ, ಉಜ್ಜುವಿಕೆಗಳ ಜೊತೆಗೆ ತೇವವೂ ಒಂದು. ಒಟ್ಟು ಅಂಕ ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಮೊದಲನೆಯ ಆಶ್ರಮ ಸೇರುವಾಗ ತಾಯಿಯವರಿಗೆ ತೇವದ ಅಂಶದಲ್ಲಿ ಚಿಂತಿಸುವಂಥದ್ದೇನೂ ಇರಲಿಲ್ಲ. ಆ ಅಪಾಯವನ್ನು ತಂದುಕೊಟ್ಟದ್ದು ಆಶ್ರಮದ ಅಭ್ಯಾಸವೇ. ಬೆನ್ನಿನ ಕೆಳಗೆ ಚರ್ಮ ಕೆಂಪಾಗಿರುವುದನ್ನು ಕಂಡದ್ದು ನನ್ನ ತಂಗಿ, ಸ್ನಾನ ಮಾಡಿಸುತ್ತಿದ್ದವರಲ್ಲ. ಬೆರಳಿನಿಂದ ಒತ್ತಿ ಬಿಟ್ಟರೂ ಬಿಳಿಚದ ಕೆಂಪು ಹುಣ್ಣಿನ ಮೊದಲ ಹಂತ. ಅದನ್ನು ಮೊದಲು ಕಾಣಬೇಕಾದವರು ದಿನವೂ ಮೈ ತೊಳೆಯುವವರೇ ಆಗಿದ್ದರು.

ನಾವು ದೂರು ಕೊಟ್ಟಾಗ ಅವರು ಮಂಚದ ಎರಡೂ ಬದಿಗೆ ಕಂಬಿ ಏರಿಸಿದರು. ಇದನ್ನು ಸುರಕ್ಷತೆಯೆಂದು ಹಲವು ಕುಟುಂಬಗಳು ಒಪ್ಪಿಕೊಳ್ಳುತ್ತವೆ, ನಾನು ಒಪ್ಪಲಾರೆ. ಮೂತ್ರದ ಅವಸರದಲ್ಲಿರುವ ಮರೆವಿನ ವ್ಯಕ್ತಿ ಕಂಬಿ ಕಂಡು ಸುಮ್ಮನಾಗುವುದಿಲ್ಲ, ಅದನ್ನು ದಾಟಲು ಹೋಗುತ್ತಾರೆ, ಆಗ ಬೀಳುವುದು ಇನ್ನೂ ಎತ್ತರದಿಂದ. ಅದಾದ ಮೇಲೆ ಅವರು ನಿದ್ದೆಗೆ ಮಾತ್ರೆ ಸೂಚಿಸಿದ್ದರಿಂದ ನಾವು ಜಾಗ ಬದಲಿಸಲು ನಿರ್ಧರಿಸಿದೆವು. ಮರೆವಿನ ಕಾಯಿಲೆಯುಳ್ಳ ವೃದ್ಧರಿಗೆ ಮನೋರೋಗದ ಕೆಲವು ಔಷಧಗಳನ್ನು ಕೊಟ್ಟಾಗ ಸಾವಿನ ಅಪಾಯ ಹೆಚ್ಚುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಸೂಚಿಸಿದ ಮಾತ್ರೆ ಆ ಬಗೆಯದೇ ಎಂದು ಕೇಳಿದರೆ ಅಲ್ಲಿ ಉತ್ತರ ಸಿಗಲಿಲ್ಲ.

ಎರಡನೆಯ ಆಶ್ರಮದಲ್ಲಿ ರಾತ್ರಿ ಇಬ್ಬರು ಎಚ್ಚರವಾಗಿರುತ್ತಾರೆ, ಇರುವ ವೃದ್ಧರ ಸಂಖ್ಯೆಯೂ ಕಡಿಮೆ. ಸೇರಿದ ಮೊದಲ ರಾತ್ರಿಗಳಲ್ಲಿ ತಾಯಿಯವರು ಯಾವ ಹೊತ್ತಿಗೆ ಏಳುತ್ತಾರೆಂದು ಅವರು ಬರೆದಿಟ್ಟುಕೊಂಡು, ಅದಕ್ಕೆ ಸ್ವಲ್ಪ ಮುಂಚೆ ತಾವೇ ಬಂದು ಎಬ್ಬಿಸಲು ಆರಂಭಿಸಿದರು. ಮಂಚವನ್ನು ತಗ್ಗಿಸಿ, ಪಕ್ಕದಲ್ಲೇ ಕಮೋಡ್ ಕುರ್ಚಿ ಇಟ್ಟು, ನೆಲಕ್ಕೆ ಬೆಳಕು ಬೀಳುವಂತೆ ಸಣ್ಣ ದೀಪ ಹಾಕಿದರು. ರಕ್ತದೊತ್ತಡಕ್ಕೆಂದು ಕೊಡುತ್ತಿದ್ದ, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂಜೆಯ ಬದಲು ಬೆಳಿಗ್ಗೆ ಕೊಡಬಹುದೇ ಎಂದು ವೈದ್ಯರನ್ನು ಕೇಳಿದವರೂ ಅಲ್ಲಿನ ನರ್ಸೇ. ವೈದ್ಯರು ಒಪ್ಪಿ ಬದಲಿಸಿದರು. ಇದರಲ್ಲಿ ದುಬಾರಿಯಾದದ್ದು ಯಾವುದೂ ಇಲ್ಲ. ತಾಯಿಯವರು ಮತ್ತೆ ನೀರು ಕುಡಿಯುತ್ತಿದ್ದಾರೆ, ಕೆಂಪು ಮಾಯವಾಗಿದೆ, ಡೈಪರ್ ಈಗ ಆಸ್ಪತ್ರೆಗೆ ಹೋಗುವ ದೂರದ ಪ್ರಯಾಣಕ್ಕೆ ಮಾತ್ರ.

ಉಳಿದ ವಿಷಯಗಳು ಚಿಕ್ಕವು. ಮನರಂಜನೆಯಲ್ಲಿ ಮೊದಲನೆಯದೇ ಮುಂದು. ತೂಕವನ್ನು ಎರಡನೆಯದರಲ್ಲಿ ತಿಂಗಳಿಗೊಮ್ಮೆ ನೋಡಿ ಬರೆಯುತ್ತಾರೆ, ಮೊದಲನೆಯದರಲ್ಲಿ ಕೇಳಿದರೆ ಮಾತ್ರ. ಒಂದೇ ತಿಂಗಳಲ್ಲಿ ಶೇ. 5ರಷ್ಟು ತೂಕ ಇಳಿದರೆ ಕಾರಣ ಹುಡುಕಲೇಬೇಕಾಗುವುದರಿಂದ ಈ ಲೆಕ್ಕ ನನಗೆ ಮುಖ್ಯ. ಎರಡನೆಯದರಲ್ಲಿ ಕೋಣೆಯ ಜೊತೆಗಾತಿ ರೇಡಿಯೊವನ್ನು ಜೋರಾಗಿ ಹಾಕುತ್ತಾರೆ. ತಾಯಿಯವರಿಗೆ ಅದು ಹಿಡಿಸಿಲ್ಲ, ಪರಿಹಾರವೂ ಆಗಿಲ್ಲ. ಫಿಸಿಯೊಥೆರಪಿ ವಾರಕ್ಕೆ ಎರಡು ದಿನ ಮಾತ್ರ, ಸಾಲದು.

ಶುಲ್ಕದ ವಿಷಯದಲ್ಲಿ ಎರಡನೆಯದು ಹೇಳುವ ಮೊತ್ತ ಮೊದಲನೆಯದಕ್ಕಿಂತ ಸ್ವಲ್ಪ ಹೆಚ್ಚು. ಆದರೆ ಮೊದಲನೆಯದರಲ್ಲಿ ಡೈಪರ್, ಮುಲಾಮು, ರಾತ್ರಿಗೆ ಪ್ರತ್ಯೇಕ ಸಹಾಯಕಿ ಬೇಕೆಂದರೆ ಅವರ ಸಂಬಳ, ಇವೆಲ್ಲ ಬಿಲ್ಲಿನ ಕೊನೆಗೆ ಸೇರುತ್ತಿದ್ದುದರಿಂದ ನಮ್ಮ ಕೈಯಿಂದ ಹೋದ ಹಣ ಹೆಚ್ಚುಕಡಿಮೆ ಒಂದೇ. ನಾನು ಕೆಲಸ ಮುಗಿಸಿ ಹೋಗುವುದು ಕತ್ತಲಾದ ಮೇಲೆ. ಎರಡನೆಯದರಲ್ಲಿ ಆ ಹೊತ್ತಿನ ಭೇಟಿಗೆ ಅಡ್ಡಿಯಿಲ್ಲ, ಮೊದಲನೆಯದರಲ್ಲಿ ಸಂಜೆಗೇ ಬಾಗಿಲು ಹಾಕುತ್ತಿದ್ದರು. ಆಮ್ಲಜನಕವೋ ಮೂಗಿನ ನಳಿಕೆಯ ಆಹಾರವೋ ಬೇಕಾದವರಿಗೆ ಮೊದಲನೆಯದರ ವೈದ್ಯಕೀಯ ಸೌಲಭ್ಯವೇ ಸರಿಯಾದೀತು, ಎರಡನೆಯದರಲ್ಲಿ ಅವಿಲ್ಲ. ನಮ್ಮ ತಾಯಿಯವರಿಗೂ ಅಂಥ ದಿನ ಬಂದರೆ ಎಲ್ಲಿಗೆ ಕಳಿಸುತ್ತೀರಿ, ಎಷ್ಟು ಮುಂಚಿತವಾಗಿ ತಿಳಿಸುತ್ತೀರಿ ಎಂಬುದನ್ನು ನಾವು ಸೇರಿಸುವಾಗಲೇ ಕೇಳಿ ಬರವಣಿಗೆಯಲ್ಲಿ ಪಡೆದಿದ್ದೇವೆ.