ಬರ್ನಾರ್ಡಸ್‌ನಲ್ಲಿ ಗಾಲ್ಫ್ ನೋಡಲು ಎಲ್ಲಿ ಉಳಿಯಬೇಕು? ಆಮ್‌ಸ್ಟರ್‌ಡ್ಯಾಂ, ಉಟ್ರೆಕ್ಟ್, ಡೆನ್ ಬಾಸ್

ಸೊಲ್ಹೈಮ್ ಕಪ್ ಇದೇ ಮೊದಲ ಸಲ ನೆದರ್‌ಲ್ಯಾಂಡ್ಸ್‌ಗೆ ಬರುತ್ತಿದೆ. 2026ರ ಸೆಪ್ಟೆಂಬರ್ 11ರಿಂದ 13ರವರೆಗೆ, ಕ್ರೋಮ್‌ವೋರ್ಟ್ ಎಂಬ ಪುಟ್ಟ ಹಳ್ಳಿಯ ಬರ್ನಾರ್ಡಸ್ ಗಾಲ್ಫ್ ಕ್ಲಬ್‌ನಲ್ಲಿ. ಯುರೋಪ್ ಮತ್ತು ಅಮೆರಿಕದ ಮಹಿಳಾ ಗಾಲ್ಫರ್‌ಗಳ ತಂಡಗಳು ಎದುರಾಗುವ ಪಂದ್ಯ ಇದು. ಹಾಗಾಗಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಇಲ್ಲಿ ಆಡುವುದಿಲ್ಲ. ಆದರೂ ನಮ್ಮ ಗೆಳೆಯರಲ್ಲಿ ಹೋಗಲು ಸಿದ್ಧರಿರುವವರು ಸಾಕಷ್ಟು ಜನ ಇದ್ದಾರೆ. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಂಗೆ ನೇರ ವಿಮಾನ ಇದೆ. ಅಷ್ಟು ದೂರ ಹೋದ ಮೇಲೆ ಗಾಲ್ಫ್ ಮಾತ್ರ ನೋಡಿ ಬರಲು ಯಾರಿಗೂ ಮನಸ್ಸಾಗುವುದಿಲ್ಲ, ಅಲ್ವಾ? ಎಲ್ಲರೂ ಕೇಳುವುದು ಒಂದೇ: ಎಲ್ಲಿ ಉಳಿದುಕೊಂಡರೆ ಎರಡೂ ಚೆನ್ನಾಗಿ ಆಗುತ್ತದೆ?

ಇದೇ ಅಂಗಳದಲ್ಲಿ ಪುರುಷರ ಗಾಲ್ಫ್ ಪಂದ್ಯಾವಳಿ ಡಚ್ ಓಪನ್ ನಡೆದಾಗ ನಾನು ಮೂರೂ ಊರುಗಳಲ್ಲಿ ಉಳಿದು ನೋಡಿದ್ದೇನೆ. 2022ರಲ್ಲಿ ಮೊದಲು ಆಮ್‌ಸ್ಟರ್‌ಡ್ಯಾಂ, ವಾರಾಂತ್ಯಕ್ಕೆ ಮನೆಯವರು ಬಂದ ಮೇಲೆ ಉಟ್ರೆಕ್ಟ್. 2023ರಲ್ಲಿ ಪೂರ್ತಿ ಡೆನ್ ಬಾಸ್. ನನ್ನ ಮಟ್ಟಿಗೆ ಉತ್ತರ ಸ್ಪಷ್ಟವಾಗಿದೆ. ಪಂದ್ಯದ ದಿನಗಳಿಗೆ ಡೆನ್ ಬಾಸ್, ಪಂದ್ಯ ಮುಗಿದ ಮೇಲೆ ಆಮ್‌ಸ್ಟರ್‌ಡ್ಯಾಂ. ಒಂದೇ ದಿನದಲ್ಲಿ ಎರಡನ್ನೂ ಮಾಡಲು ಹೋಗಬೇಡಿ.

ಕಾರಣ ಸರಳ. ಗಾಲ್ಫ್ ದಿನದ ಒಳ್ಳೆಯ ಹೊತ್ತನ್ನೆಲ್ಲ ತೆಗೆದುಕೊಳ್ಳುತ್ತದೆ. ಬೆಳಗ್ಗೆ ಹೋದರೆ ಸಂಜೆ ಐದೋ ಆರೋ ಆಗುತ್ತದೆ. ಆ ಹೊತ್ತಿಗೆ ಡಚ್ ಮ್ಯೂಸಿಯಂಗಳು ಬಾಗಿಲು ಹಾಕಿರುತ್ತವೆ. ಆಮ್‌ಸ್ಟರ್‌ಡ್ಯಾಂನ ರೈಕ್ಸ್‌ಮ್ಯೂಸಿಯಂ ಸಂಜೆ 5ಕ್ಕೆ ಮುಚ್ಚುತ್ತದೆ. ಹಾಗಿದ್ದರೆ ಪಂದ್ಯದ ದಿನ ನಮಗೆ ಉಳಿಯುವುದು ಸಂಜೆ ಮಾತ್ರ. ಆ ಸಂಜೆಯನ್ನು ಯಾವ ಊರು ಚೆನ್ನಾಗಿ ತುಂಬಿಕೊಡುತ್ತದೆ ಎಂದು ನೋಡಿ ಊರು ಆರಿಸಬೇಕು.

ಆಮ್‌ಸ್ಟರ್‌ಡ್ಯಾಂನಿಂದ ಶುರು ಮಾಡೋಣ. ಅಲ್ಲಿಂದ ಡೆನ್ ಬಾಸ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಹಗಲು ಹೊತ್ತಿನಲ್ಲಿ ಹತ್ತು ಹತ್ತು ನಿಮಿಷಕ್ಕೆ ಇಂಟರ್‌ಸಿಟಿ ಇರುತ್ತದೆ, ಮಧ್ಯೆ ಬದಲಾಯಿಸಬೇಕಿಲ್ಲ. ನಿಲ್ದಾಣದ ಬೋರ್ಡ್‌ನಲ್ಲಿ 'ಡೆನ್ ಬಾಸ್' ಹುಡುಕಬೇಡಿ. ಅಲ್ಲಿ ಊರಿನ ಉದ್ದದ ಹೆಸರು, 'ಸೆರ್ಟೋಖನ್‌ಬಾಸ್' ಎಂದೇ ಬರೆದಿರುತ್ತದೆ. ಟಿಕೆಟ್‌ಗೆ ಸಾಲು ನಿಲ್ಲುವುದೂ ಬೇಡ. ಬ್ಯಾಂಕ್ ಕಾರ್ಡ್ ತಾಗಿಸಿ ಒಳಗೆ ಹೋಗಬಹುದು. ಇಳಿಯುವಾಗ ಮತ್ತೆ ತಾಗಿಸಬೇಕು, ಅಷ್ಟೇ.

ಹೇಳಲು ಇದು ಸುಲಭ. ಆದರೆ ಹೋಟೆಲ್‌ನಿಂದ ಸೆಂಟ್ರಲ್ ನಿಲ್ದಾಣಕ್ಕೆ ಟ್ರಾಮ್, ಆಮೇಲೆ ರೈಲು, ಆಮೇಲೆ ಡೆನ್ ಬಾಸ್‌ನಿಂದ ಕ್ರೋಮ್‌ವೋರ್ಟ್‌ಗೆ ಇನ್ನೂ ಸುಮಾರು 8 ಕಿಲೋಮೀಟರ್. ಎಲ್ಲ ಸೇರಿ ಒಂದು ದಿಕ್ಕಿಗೇ ಎರಡು ಗಂಟೆ ಹತ್ತಿರ. ಅಂಗಳದಲ್ಲಿ ದಿನವಿಡೀ ನಡೆದ ಕಾಲುಗಳಿಗೆ ಸಂಜೆ ಅದೇ ದಾರಿ ವಾಪಸ್. ಆಮ್‌ಸ್ಟರ್‌ಡ್ಯಾಂನ ಕಾಲುವೆಗಳು ಬೇಸಿಗೆ ಸಂಜೆ ತುಂಬಾ ಚೆಂದ. ಡಚ್ ಓಪನ್ ನಡೆದ ಮೇ ಕೊನೆಯಲ್ಲಿ ರಾತ್ರಿ ಒಂಬತ್ತೂ ಮುಕ್ಕಾಲರವರೆಗೂ ಸೂರ್ಯ ಇರುತ್ತಾನೆ. ಆದರೂ ಅಲ್ಲಿಗೆ ತಲುಪುವಷ್ಟರಲ್ಲಿ ನನಗೆ ಊಟ ಮಾಡಿ ಮಲಗಿದರೆ ಸಾಕು ಅನ್ನಿಸುತ್ತಿತ್ತು. ಸೆಪ್ಟೆಂಬರ್ ಎರಡನೇ ವಾರದಲ್ಲಿ ಎಂಟು ಗಂಟೆ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಅಂದರೆ ಆ ಚೆಂದವೂ ಸಿಗುವುದಿಲ್ಲ.

ಖರ್ಚಿನ ಮಾತು ಬೇರೆ ಇದೆ. ಆಮ್‌ಸ್ಟರ್‌ಡ್ಯಾಂನಲ್ಲಿ ಹೋಟೆಲ್ ದರದ ಮೇಲೆ 12.5 ಶೇಕಡಾ ಪ್ರವಾಸಿ ತೆರಿಗೆ ಇದೆ. 2026ರಿಂದ ಇಡೀ ದೇಶದಲ್ಲಿ ಹೋಟೆಲ್ ವಾಸ್ತವ್ಯದ ವ್ಯಾಟ್ 9ರಿಂದ 21 ಶೇಕಡಾಕ್ಕೆ ಏರಿದೆ. ಮೊದಲೇ ದುಬಾರಿಯಾದ ಊರಿನಲ್ಲಿ ಇವೆರಡೂ ಸೇರಿದರೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿಯೇ ಬುಕ್ ಮಾಡಿ. 2022ರಲ್ಲಿ ಪಂದ್ಯ ಶುರುವಾದ ಗುರುವಾರ ಮೇ 26, ಕ್ರಿಶ್ಚಿಯನ್ನರ ಅಸೆನ್ಷನ್ ಹಬ್ಬದ ರಜೆ. ಅರ್ಧ ದೇಶವೇ ಉದ್ದ ವಾರಾಂತ್ಯಕ್ಕೆ ಹೊರಟಿತ್ತು. ರೈಲಿನಲ್ಲಿ ನಿಂತೇ ಹೋಗಬೇಕಾಯಿತು. ನಾನು ಉಳಿದಿದ್ದ ಹೋಟೆಲ್‌ನ ಕೋಣೆಯಲ್ಲಿ ಸೂಟ್‌ಕೇಸ್ ಬಿಚ್ಚಲೂ ಜಾಗ ಇರಲಿಲ್ಲ. ಅದಕ್ಕೆ ಕೊಟ್ಟ ದುಡ್ಡು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಇನ್ನು ಉಟ್ರೆಕ್ಟ್. ಇದು ದೇಶದ ರೈಲುಗಳೆಲ್ಲ ಕೂಡುವ ಊರು. ಡೆನ್ ಬಾಸ್ ಅರ್ಧ ಗಂಟೆ, ಆಮ್‌ಸ್ಟರ್‌ಡ್ಯಾಂ ಕೂಡ ಅರ್ಧ ಗಂಟೆಗೂ ಕಡಿಮೆ. ಕಾಲುವೆಯ ನೀರಿನ ಮಟ್ಟದಲ್ಲೇ ಹಳೆಯ ನೆಲಮಾಳಿಗೆಗಳಿವೆ, ಈಗ ಅಲ್ಲಿ ಊಟದ ಹೋಟೆಲುಗಳು ನಡೆಯುತ್ತವೆ. 112 ಮೀಟರ್ ಎತ್ತರದ ಡೋಮ್ ಗೋಪುರ ಎಲ್ಲಿ ನಿಂತರೂ ಕಾಣುತ್ತದೆ. ಮನೆಯಲ್ಲಿ ಒಬ್ಬರಿಗೆ ಗಾಲ್ಫ್ ಹುಚ್ಚು, ಉಳಿದವರಿಗೆ ಅದರ ಗಂಧವೇ ಇಲ್ಲ ಅನ್ನುವಂತಿದ್ದರೆ ಉಟ್ರೆಕ್ಟ್‌ನಷ್ಟು ಅನುಕೂಲದ ಊರು ಇನ್ನೊಂದಿಲ್ಲ. ನಾನು ಕ್ರೋಮ್‌ವೋರ್ಟ್ ಕಡೆ ಹೊರಟರೆ ಮನೆಯವರು ಮ್ಯೂಸಿಯಂ ನೋಡಲು ಆಮ್‌ಸ್ಟರ್‌ಡ್ಯಾಂಗೆ ಹೋಗುತ್ತಿದ್ದರು. ಕಿಂಡರ್‌ಡೈಕ್‌ಗೂ ಹೋಗಿ ಬಂದರು. ಅದು 19 ಗಾಳಿಯಂತ್ರಗಳು ಸಾಲಾಗಿ ನಿಂತಿರುವ ಜಾಗ, ಯುನೆಸ್ಕೋ ಪಟ್ಟಿಯಲ್ಲಿದೆ. ರಾಟರ್‌ಡ್ಯಾಂನಿಂದ ದೋಣಿಯಲ್ಲೇ ತಲುಪಬಹುದು. ರಾತ್ರಿ ಎಲ್ಲರೂ ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದೆವು. ಒಬ್ಬರಿಗಾಗಿ ಇನ್ನೊಬ್ಬರು ಕಾಯುವ ಬೇಸರ ಇರಲಿಲ್ಲ.

ಆದರೆ ಒಂಟಿಯಾಗಿ, ಗಾಲ್ಫ್‌ಗಾಗಿಯೇ ಹೋಗುವವರಿಗೆ ಉಟ್ರೆಕ್ಟ್ ನಡುವೆ ಸಿಕ್ಕಿಕೊಂಡ ಆಯ್ಕೆ. ಬೆಳಗ್ಗೆ ರೈಲು ಹತ್ತುವುದು ತಪ್ಪುವುದಿಲ್ಲ, ಸಂಜೆ ವಾಪಸ್ ಬರುವುದೂ ತಪ್ಪುವುದಿಲ್ಲ. 2022ರ ಕೊನೆಯ ಸುತ್ತಿನ ಭಾನುವಾರ ನನಗೆ ಇದು ಚೆನ್ನಾಗಿ ಗೊತ್ತಾಯಿತು. ಮುಂದಿದ್ದ ರಯಾನ್ ಫಾಕ್ಸ್ ಕೊನೆಯ ಹೋಲ್‌ನಲ್ಲಿ ಎಡವಿದರು. ಪಂದ್ಯ ಸಮವಾಗಿ, ಗೆದ್ದವರು ಯಾರೆಂದು ತೀರ್ಮಾನಿಸುವ ಪ್ಲೇ-ಆಫ್‌ಗೆ ಹೋಯಿತು. ಒಂದು ಹೋಲ್, ಇನ್ನೊಂದು, ಮತ್ತೊಂದು. ಕೊನೆಗೆ 4ನೆಯದರಲ್ಲಿ ವಿಕ್ಟರ್ ಪೆರೆಜ್ ಗೆದ್ದರು. ಅಂಥ ಹೊತ್ತಿನಲ್ಲಿ ಗಡಿಯಾರ ನೋಡಿಕೊಂಡು ನಿಲ್ಲುವುದು ಬಹಳ ಕಷ್ಟ. ಮನೆಯವರಿಗೆ ಊಟ ಮುಗಿಸಿ ಎಂದು ಮೆಸೇಜ್ ಹಾಕಿ ಕೊನೆವರೆಗೂ ನಿಂತೆ.

ಈಗ ಡೆನ್ ಬಾಸ್. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಯಾಕೆಂದರೆ ನಮ್ಮವರ ಪ್ರವಾಸ ಪಟ್ಟಿಯಲ್ಲಿ ಈ ಊರು ಇರುವುದೇ ಇಲ್ಲ.

ಮೊದಲ ಲಾಭ ಸೈಕಲ್. ಡೆನ್ ಬಾಸ್‌ನಿಂದ ಅಂಗಳಕ್ಕೆ ಅರ್ಧ ಗಂಟೆ ತುಳಿದರೆ ಸಾಕು. ನೆಲ ಸಪಾಟಾಗಿದೆ, ಸೈಕಲ್‌ಗೆ ಪ್ರತ್ಯೇಕ ದಾರಿ ಇದೆ. ರೈಲು ನಿಲ್ದಾಣಗಳಲ್ಲಿ ಕಾಣುವ ನೀಲಿ ಹಳದಿ ಸೈಕಲ್‌ಗಳನ್ನು ನಂಬಿಕೊಂಡು ಹೋಗಬೇಡಿ. ಅವು ಅಲ್ಲಿನ ರೈಲು ಖಾತೆ ಇದ್ದವರಿಗೆ ಮಾತ್ರ. ನಮ್ಮಂಥ ಪ್ರವಾಸಿಗಳು ಖಾಸಗಿ ಅಂಗಡಿಯಿಂದ ಬಾಡಿಗೆಗೆ ತೆಗೆದುಕೊಳ್ಳಬೇಕು. ಮುಂಚೆಯೇ ಹೇಳಿಟ್ಟರೆ ಒಳ್ಳೆಯದು. ಸೈಕಲ್ ಕೈಯಲ್ಲಿದ್ದರೆ ಬಸ್ಸು, ಪಾರ್ಕಿಂಗ್, ಟ್ರಾಫಿಕ್ ಯಾವುದರ ಚಿಂತೆಯೂ ಇಲ್ಲ. ಸಂಜೆ ಆಟ ಮುಗಿಯುತ್ತಿದ್ದಂತೆ ಹೊರಟು, ಸ್ನಾನ ಮಾಡಿ, ಮತ್ತೆ ಊರು ಸುತ್ತಲು ಹೊರಡುವಷ್ಟು ಸಮಯ ಮತ್ತು ಶಕ್ತಿ ಎರಡೂ ನನಗೆ ಉಳಿಯುತ್ತಿದ್ದವು.

ಎರಡನೆಯದು, ಈ ಊರಿನ ಸೊಗಸು ಸಂಜೆಗೂ ಸಿಗುತ್ತದೆ. ಹಳೆಯ ಕೋಟೆ ಗೋಡೆಯ ಮೇಲೆ ನಡೆಯಬಹುದು. ಗೋಡೆಯ ಒಂದು ಬದಿಗೆ ಮನೆಗಳು, ಇನ್ನೊಂದು ಬದಿಗೆ ಬಾಸ್ಸೆ ಬ್ರೂಕ್ ಎಂಬ ಜೌಗು ಹುಲ್ಲುಗಾವಲು. ಊರು ಅಲ್ಲಿಗೆ ಕತ್ತರಿಸಿದಂತೆ ನಿಲ್ಲುತ್ತದೆ. ಸಿಂಟ್-ಯಾನ್ ಕ್ಯಾಥೆಡ್ರಲ್ ಗಾಥಿಕ್ ಶೈಲಿಯ ದೊಡ್ಡ ಚರ್ಚು. ಅದರ ಚಾವಣಿಗೆ ಆನಿಸಿದ ಕಮಾನುಗಳ ಮೇಲೆ ಕಲ್ಲಿನ ಪುಟ್ಟ ಗೊಂಬೆಗಳು ಸಾಲಾಗಿ ಕುಳಿತಿವೆ. ಇತ್ತೀಚಿನ ದುರಸ್ತಿಯಲ್ಲಿ ಸೇರಿಸಿದ ಒಂದು ದೇವತೆ ಜೀನ್ಸ್ ತೊಟ್ಟು ಮೊಬೈಲ್ ಹಿಡಿದಿದೆ. ಹುಡುಕಿ ನೋಡಿ. ಚಿತ್ರಕಾರ ಹಿಯರೋನಿಮಸ್ ಬಾಸ್ ಹುಟ್ಟಿ ಬದುಕಿ 1516ರಲ್ಲಿ ತೀರಿಕೊಂಡಿದ್ದು ಇದೇ ಊರಿನಲ್ಲಿ. ಅವರ ಚಿತ್ರಗಳು ಮಾತ್ರ ಮ್ಯಾಡ್ರಿಡ್ ಮುಂತಾದ ಕಡೆ ಇವೆ, ಊರಿನಲ್ಲಿ ಉಳಿದಿಲ್ಲ.

ಬಿನೆನ್‌ಡೀಜ ದೋಣಿ ಸವಾರಿಗೆ ಮಾತ್ರ ಹಗಲೇ ಬೇಕು. ಊರಿನ ಮನೆಗಳ ಅಡಿಯಲ್ಲೇ ಹರಿಯುವ ಕಾಲುವೆ ಅದು. ಕಮಾನುಗಳ ಕತ್ತಲೆಯಲ್ಲಿ ದೋಣಿ ಸಾಗುತ್ತದೆ, ತಲೆ ಬಗ್ಗಿಸಿ ಕೂರಬೇಕು. ಆಮ್‌ಸ್ಟರ್‌ಡ್ಯಾಂನ ದೋಣಿ ಸುತ್ತಾಟಕ್ಕಿಂತ ನನಗೆ ಇದೇ ಹೆಚ್ಚು ಹಿಡಿಸಿತು. ಪಂದ್ಯ ಶುರುವಾಗುವ ಹಿಂದಿನ ದಿನ ಇದನ್ನು ಮುಗಿಸಿಬಿಡಿ.

ತಿನ್ನುವ ವಿಷಯ. ಬಾಸ್ಸೆ ಬಾಲ್ ಈ ಊರಿನ ಹೆಮ್ಮೆ. ಕೆನೆ ತುಂಬಿದ, ಚಾಕೊಲೇಟ್ ಹೊದಿಸಿದ, ಕೈತುಂಬ ಬರುವ ಉಂಡೆ. ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ, ಶುದ್ಧ ಸಸ್ಯಾಹಾರಿಗಳಿಗೆ ಆಗುವುದಿಲ್ಲ. ಕ್ರೋಕೆಟ್ ಎಂಬ ಕರಿದ ತಿಂಡಿಯ ಒಳಗೆ ಸಾಮಾನ್ಯವಾಗಿ ಮಾಂಸವೇ ಇರುತ್ತದೆ. ಹಸಿವಾದಾಗ ಆಲೂ ಫ್ರೈಸ್ ಮತ್ತು ಚೀಸ್ ತುಂಬಿ ಕರಿದ ಕಾಸ್‌ಸೂಫ್ಲೆ ಎಲ್ಲ ಕಡೆ ಸಿಗುತ್ತವೆ. ಅನ್ನ ಸಾರು ಬೇಕೇ ಬೇಕು ಅನ್ನುವವರಿಗೆ ಇಪ್ಪತ್ತು ನಿಮಿಷದ ರೈಲು ದಾರಿಯಲ್ಲಿ ಐಂಡ್‌ಹೋವನ್ ಇದೆ. ಬೆಂಗಳೂರಿನಿಂದ ಹೋದ ಎಂಜಿನಿಯರ್‌ಗಳು ಅಲ್ಲಿ ತುಂಬಾ ಜನ ಇದ್ದಾರೆ, ಭಾರತೀಯ ಅಂಗಡಿ ಹೋಟೆಲುಗಳೂ ಇವೆ.

ಸುತ್ತಮುತ್ತ ನೋಡುವುದಕ್ಕೂ ಬೇಕಾದಷ್ಟಿದೆ. ಮೂರ್‌ಪುಟನ್ ಎಂಬ ಜೌಗಿನ ಮೇಲೆ ರೈಲು ನಿಂತುಹೋದ ಹಳೆಯ ಸೇತುವೆ ಇದೆ, ಸುಮಾರು 600 ಮೀಟರ್ ಉದ್ದ. ಅದರ ಮೇಲೆ ನಡೆದು ಹೋಗಬಹುದು. ಈ ಜಾಗದಿಂದ ಮರೆಯಾಗಿದ್ದ ಒಂದು ಜಾತಿಯ ನೀಲಿ ಚಿಟ್ಟೆಯನ್ನು 1990ರಲ್ಲಿ ಪೋಲೆಂಡ್‌ನಿಂದ ತಂದು ಮತ್ತೆ ಬಿಟ್ಟಿದ್ದಾರೆ. ಇನ್ನೊಂದು ಕಡೆ ಲೋನ್ಸೆ ಎನ್ ಡ್ರೂನೆನ್ಸೆ ಡೌನೆನ್ ರಾಷ್ಟ್ರೀಯ ಉದ್ಯಾನ. ಕಾಡಿನ ನಡುವೆ ಗಾಳಿಗೆ ಸರಿಯುವ ಮರಳ ದಿಬ್ಬಗಳು. ಮಕ್ಕಳಿದ್ದರೆ 1952ರಿಂದ ನಡೆಯುತ್ತಿರುವ ಎಫ್ಟೆಲಿಂಗ್ ಪಾರ್ಕ್ ಹತ್ತಿರದಲ್ಲೇ ಇದೆ. ಅದಕ್ಕೆ ಒಂದು ಪೂರ್ತಿ ದಿನ ಬೇಕು.

ಪಕ್ಕದ ವುಖ್ಟ್ ಊರಿನಲ್ಲಿ ನಾಜಿಗಳು ನಡೆಸಿದ ಸೆರೆಶಿಬಿರ ಇತ್ತು, ಈಗ ಅದು ರಾಷ್ಟ್ರೀಯ ಸ್ಮಾರಕ. 1943ರ ಜೂನ್‌ನಲ್ಲಿ ಸುಮಾರು 1,300 ಯಹೂದಿ ಮಕ್ಕಳನ್ನು ಇಲ್ಲಿಂದ ಸಾಗಿಸಿದರು. ಅವರನ್ನು ಪೋಲೆಂಡ್‌ನಲ್ಲಿ ನಾಜಿಗಳು ನಡೆಸುತ್ತಿದ್ದ ಸೊಬಿಬೋರ್ ಸಾವಿನ ಶಿಬಿರದಲ್ಲಿ ಕೊಂದರು. ದಯವಿಟ್ಟು ಇದನ್ನು ಗಾಲ್ಫ್ ಮುಗಿಸಿ ಬರುವ ದಾರಿಯಲ್ಲಿ ನುಗ್ಗಿ ನೋಡುವ ಜಾಗ ಮಾಡಿಕೊಳ್ಳಬೇಡಿ. ಬೇರೆ ದಿನ ಇಟ್ಟುಕೊಂಡು, ನಿಧಾನವಾಗಿ ನೋಡಿ.

ಡೆನ್ ಬಾಸ್‌ನ ಕೊರತೆ ಹೋಟೆಲ್‌ಗಳ ಸಂಖ್ಯೆ. ಊರು ಚಿಕ್ಕದು. 2023ರಲ್ಲಿ ಕೊನೆಯ ಸುತ್ತಿನ ಭಾನುವಾರವೇ ಪೆಂಟೆಕೋಸ್ಟ್ ಹಬ್ಬ, ಮರುದಿನ ರಜೆ. ತಡವಾಗಿ ಹುಡುಕಿದವರಿಗೆ ಕೋಣೆ ಸಿಗಲಿಲ್ಲ. ಸೊಲ್ಹೈಮ್ ಕಪ್‌ಗೆ ಇನ್ನೂ ಜಾಸ್ತಿ ಜನ ಬರುತ್ತಾರೆ. ಕೋಣೆ ಸಿಗದಿದ್ದರೆ ಐಂಡ್‌ಹೋವನ್ ನೋಡಿ, ಆಮೇಲೆ ಉಟ್ರೆಕ್ಟ್.

ಅಂಗಳದ ಹತ್ತಿರ ಉಳಿಯುವುದು ಡಚ್ ಓಪನ್‌ಗಿಂತ ಸೊಲ್ಹೈಮ್ ಕಪ್‌ಗೆ ಹೆಚ್ಚು ಮುಖ್ಯ ಎಂದು ನನಗನ್ನಿಸುತ್ತದೆ. ಓಪನ್‌ನಲ್ಲಿ ಮೊದಲೆರಡು ದಿನ ನೂರಕ್ಕೂ ಹೆಚ್ಚು ಆಟಗಾರರು ಬೆಳಗಿನಿಂದ ಸಂಜೆವರೆಗೆ ಆಡುತ್ತಾರೆ. ತಡವಾಗಿ ಹೋದರೂ ನೋಡಲು ಯಾರಾದರೂ ಇದ್ದೇ ಇರುತ್ತಾರೆ. ಸೊಲ್ಹೈಮ್‌ನಲ್ಲಿ ಹಾಗಲ್ಲ. ಒಂದು ತಂಡದಲ್ಲಿ 12 ಆಟಗಾರ್ತಿಯರು. ಶುಕ್ರವಾರ ಮತ್ತು ಶನಿವಾರ ಬೆಳಗ್ಗೆ 4 ಪಂದ್ಯ, ಮಧ್ಯಾಹ್ನ 4 ಪಂದ್ಯ. ಇಡೀ ಜನ ಆ ನಾಲ್ಕು ಪಂದ್ಯಗಳ ಹಿಂದೆಯೇ ಇರುತ್ತಾರೆ. ಮೊದಲ ಟೀ, ಅಂದರೆ ಆಟದ ಮೊದಲ ಹೊಡೆತ ಹೊಡೆಯುವ ಜಾಗ, ಅದರ ಸುತ್ತಲಿನ ಹಾಡು, ಕೂಗು, ಬಣ್ಣ ನೋಡಬೇಕೆಂದರೆ ಸೂರ್ಯ ಹುಟ್ಟುವ ಹೊತ್ತಿಗೇ ಅಲ್ಲಿರಬೇಕು. ಆಮ್‌ಸ್ಟರ್‌ಡ್ಯಾಂನಿಂದ ಹೊರಟು ಅದು ಆಗುವ ಮಾತಲ್ಲ. ಭಾನುವಾರ ಒಬ್ಬರಿಗೊಬ್ಬರು ಎದುರಾಗುವ 12 ಸಿಂಗಲ್ಸ್ ಪಂದ್ಯ ಇರುವುದರಿಂದ ಜನ ಹರಡಿಕೊಳ್ಳುತ್ತಾರೆ. ಒಂದೇ ದಿನದ ಟಿಕೆಟ್ ಕೊಳ್ಳುವವರು ಭಾನುವಾರವನ್ನೇ ಕೊಳ್ಳಿ. ಅಂಗಳ 2018ರಲ್ಲಿ ತೆರೆದದ್ದು, ಕೈಲ್ ಫಿಲಿಪ್ಸ್ ವಿನ್ಯಾಸ. ಕೊನೆಯ ಹೋಲ್ ನೀರಿರುವ ಪಾರ್ 5, ಅಂದರೆ ಐದು ಹೊಡೆತಕ್ಕೆ ಮುಗಿಸಬೇಕಾದದ್ದು. ಅಲ್ಲಿವರೆಗೂ ಪಂದ್ಯ ಬಂದರೆ ನೋಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಇನ್ನೊಂದು ಅದೃಷ್ಟ. ಸೆಪ್ಟೆಂಬರ್‌ನ ಎರಡನೇ ವಾರಾಂತ್ಯ ದೇಶದಾದ್ಯಂತ ಓಪನ್ ಮಾನ್ಯುಮೆಂಟನ್‌ಡಾಖ್ ನಡೆಯುತ್ತದೆ. ಬೇರೆ ದಿನ ಮುಚ್ಚಿರುವ ಎಷ್ಟೋ ಹಳೆಯ ಕಟ್ಟಡಗಳು ಅಂದು ಉಚಿತವಾಗಿ ತೆರೆದಿರುತ್ತವೆ. 2026ರಲ್ಲಿ ಅದು 12, 13ಕ್ಕೆ ಬೀಳುತ್ತದೆ. ಗಾಲ್ಫ್ ನೋಡದ ಮನೆಯವರಿಗೆ ಇದಕ್ಕಿಂತ ಒಳ್ಳೆಯ ವಾರಾಂತ್ಯ ಸಿಗಲಿಕ್ಕಿಲ್ಲ. ಟುಲಿಪ್ ಮಾತ್ರ ಕೇಳಬೇಡಿ. ಕ್ಯೂಕನ್‌ಹಾಫ್ ತೋಟ ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗೆ ಮಾತ್ರ ತೆರೆದಿರುತ್ತದೆ.

ಪಂದ್ಯ ಮುಗಿದ ಮೇಲೆ ಸೋಮವಾರ ಆಮ್‌ಸ್ಟರ್‌ಡ್ಯಾಂಗೆ ಹೊರಡಿ. ಡೆನ್ ಬಾಸ್‌ನ ನೋರ್ಡ್‌ಬ್ರಬಾಂಟ್ಸ್ ಮ್ಯೂಸಿಯಂ ಸೋಮವಾರ ಮುಚ್ಚಿರುತ್ತದೆ, ರೈಕ್ಸ್‌ಮ್ಯೂಸಿಯಂ ವಾರವಿಡೀ ತೆರೆದಿರುತ್ತದೆ. ಅಲ್ಲಿ ರೆಂಬ್ರಾಂಟ್ 1642ರಲ್ಲಿ ಮುಗಿಸಿದ 'ನೈಟ್ ವಾಚ್' ಎಲ್ಲರೂ ನೋಡುತ್ತಾರೆ. ನೀವು ಹೆಂಡ್ರಿಕ್ ಆವರ್‌ಕಾಂಪ್ ಬರೆದ ಚಳಿಗಾಲದ ಚಿತ್ರದ ಮುಂದೆಯೂ ನಿಲ್ಲಿ. ಸುಮಾರು 1608ರದ್ದು. ಹೆಪ್ಪುಗಟ್ಟಿದ ನೀರಿನ ಮೇಲೆ ಜಾರುವ ಜನರ ನಡುವೆ ಗಾಲ್ಫ್ ಹೋಲುವ ಹಳೆಯ ಡಚ್ ಆಟ ಕೋಲ್ಫ್ ಆಡುವವರು ಕಾಣುತ್ತಾರೆ, ಕೈಯಲ್ಲಿ ಕೋಲು, ಕಾಲ ಬಳಿ ಚೆಂಡು. ಆನ್ ಫ್ರಾಂಕ್ ಮನೆಯ ಟಿಕೆಟ್ ಆನ್‌ಲೈನ್‌ನಲ್ಲಿ ಮಾತ್ರ ಸಿಗುತ್ತದೆ. ಪ್ರತಿ ಮಂಗಳವಾರ, ಆರು ವಾರ ಮುಂದಿನ ದಿನಗಳಿಗೆ ಬಿಡುತ್ತಾರೆ, ಬೇಗ ಖಾಲಿಯಾಗುತ್ತದೆ. ಸೆಪ್ಟೆಂಬರ್ ಮಧ್ಯಕ್ಕೆ ಬೇಕಿದ್ದರೆ ಆಗಸ್ಟ್ ಶುರುವಿನ ಮಂಗಳವಾರಗಳನ್ನು ಈಗಲೇ ಗುರುತು ಹಾಕಿಕೊಳ್ಳಿ.