ಜಿಲಿಬ್‌ನ ಇಂಟರ್ನ್ ಸ್ಟ್ರಿಂಗ್: ಮೆಣಸಿನಕಾಯಿ ಲೆಕ್ಕದಲ್ಲಿ ಐದು ವರ್ಷ ಬಳಸಿದ ಮೇಲೆ

ನಾನು ಹುಬ್ಬಳ್ಳಿಯವನು. ಬ್ಯಾಡಗಿಯ ಒಂದು ದಲಾಲಿ ಅಂಗಡಿಗೆ ಲೆಕ್ಕದ ಪ್ರೋಗ್ರಾಮ್ ಬರೆದುಕೊಟ್ಟಿದ್ದೇನೆ, ಪೂರ್ತಿ ಸಿ ಭಾಷೆಯಲ್ಲಿ. ಫೆಬ್ರವರಿ, ಮಾರ್ಚ್ ಬಂತೆಂದರೆ ಆವಕ ಜೋರು. ಲಾಟ್ ಮೇಲೆ ಲಾಟ್ ಬರುತ್ತದೆ, ಬರೆಯುವ ಹೆಸರುಗಳು ಮಾತ್ರ ಅವೇ: ತಳಿಗಳಲ್ಲಿ ಕಡ್ಡಿ, ಡಬ್ಬಿ, ಗುಂಟೂರು; ಊರುಗಳಲ್ಲಿ ರಾಣೆಬೆನ್ನೂರು, ಗದಗ, ಹಾವೇರಿ. ಮೊದಲು ಪ್ರತಿ ಸಾಲಿಗೂ ಸ್ಟ್ರ್‌ಡಪ್ ಮಾಡುತ್ತಿದ್ದೆ, ಅಂದರೆ ಹೆಸರಿನ (ಸ್ಟ್ರಿಂಗ್‌ನ) ಹೊಸ ಪ್ರತಿ. ಒಂದೇ ಊರಿನ ಹೆಸರು ಮೆಮೊರಿಯಲ್ಲಿ ನೂರಾರು ಕಡೆ ಕೂತಿರುತ್ತಿತ್ತು.

ಐದು ವರ್ಷದ ಹಿಂದೆ ಅದನ್ನೆಲ್ಲ ಜಿಲಿಬ್ ಎಂಬ ಸಿ ಲೈಬ್ರರಿಯ ಜಿ_ಇಂಟರ್ನ್_ಸ್ಟ್ರಿಂಗ್‌ಗೆ ಬದಲಿಸಿದೆ. ಅದರ ಕೆಲಸ ಸರಳ. ಸ್ಟ್ರಿಂಗ್ ಕೊಟ್ಟರೆ ತನ್ನ ಹ್ಯಾಶ್ ಟೇಬಲ್‌ನಲ್ಲಿ ಹುಡುಕುತ್ತದೆ. ಇದ್ದರೆ ಅದೇ ಪಾಯಿಂಟರ್ (ಮೆಮೊರಿಯಲ್ಲಿನ ವಿಳಾಸ) ವಾಪಸ್ ಕೊಡುತ್ತದೆ, ಇಲ್ಲದಿದ್ದರೆ ಒಂದು ಪ್ರತಿ ಮಾಡಿ ಇಟ್ಟುಕೊಳ್ಳುತ್ತದೆ. ಎರಡು ಊರು ಒಂದೇನಾ ಅಂತ ನೋಡಲು ಆಮೇಲೆ == ಸಾಕು. ಸಂಜೆ ಊರುವಾರು ಲೆಕ್ಕ ತೆಗೆಯುವಾಗ ಇದರ ಸುಖ ಗೊತ್ತಾಗುತ್ತದೆ. ಒಳಗೆ ಲಾಕ್ ಇರುವುದರಿಂದ ಬೇರೆ ಬೇರೆ ಥ್ರೆಡ್‌ನಿಂದ (ಒಂದೇ ಪ್ರೋಗ್ರಾಮಿನಲ್ಲಿ ಜೊತೆಜೊತೆಗೆ ಓಡುವ ಕೆಲಸ) ಕರೆದರೂ ತೊಂದರೆ ಇಲ್ಲ.

ನನಗೆ ಜಾಸ್ತಿ ಪಾಠ ಕಲಿಸಿದ್ದು ನಮ್ಮ ಕನ್ನಡವೇ. ಎರಡನೇ ಸೀಸನ್‌ನಲ್ಲಿ ಒಂದು ಸಂಜೆ ಸಾಹುಕಾರರು ಫೋನ್ ಮಾಡಿದರು. "ಎರಡ ಹಾವೇರಿ ಯಾಕ ಬಂದಾವ್ರಿ ಇಲ್ಲಿ?" ನೋಡಿದರೆ ನಿಜ. ಪಟ್ಟಿಯಲ್ಲಿ ಹಾವೇರಿ ಎರಡು ಸಲ ಇತ್ತು, ಚೀಲದ ಲೆಕ್ಕ ಅರ್ಧ ಅಲ್ಲಿ, ಅರ್ಧ ಇಲ್ಲಿ. ಕಣ್ಣಿಗೆ ಎರಡರಲ್ಲೂ ಒಂದು ಗೆರೆಯ ವ್ಯತ್ಯಾಸವಿಲ್ಲ. ಬೈಟ್ ಎಣಿಸಿದಾಗ ಒಂದು 18, ಇನ್ನೊಂದು 21. ‘ವೇ’ಯಲ್ಲಿರುವ ಏತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಅಕ್ಷರಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಹೊರಗಿನಿಂದ ತಂದ ಊರುಗಳ ಫೈಲಿನಲ್ಲಿ ಎರಡನೇ ರೀತಿ ಇತ್ತು. ಇಂಟರ್ನ್ ಮಾಡುವ ಟೇಬಲ್ ಬೈಟ್ ಮಾತ್ರ ನೋಡುತ್ತದೆ, ಅದಕ್ಕೆ ಇವು ಬೇರೆ ಬೇರೆ ಊರು. ಈಗ ಏನೇ ಬಂದರೂ ಮೊದಲು ಜಿ_ಯುಟಿಎಫ್8_ನಾರ್ಮಲೈಸ್‌ನಲ್ಲಿ ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಸಂಕೇತಗಳನ್ನು ಕೂಡಿಸಿದ ರೂಪ) ತಂದು, ಇಂಟರ್ನ್ ಮಾಡಿ, ನಡುವಿನ ಪ್ರತಿಯನ್ನು ಜಿ_ಫ್ರೀ ಮಾಡುತ್ತೇನೆ. ಬೈಟ್‌ಗಳು ಕೆಟ್ಟಿದ್ದರೆ ನಾರ್ಮಲೈಸ್ ನಲ್ (ಖಾಲಿ ಪಾಯಿಂಟರ್) ಕೊಡುತ್ತದೆ, ಅದನ್ನೂ ನೋಡಲೇಬೇಕು. ಅಕ್ಷರಗಳ ನಡುವೆ ಕಾಣದೆ ಕೂತ ಜೋಡಕ ಸಂಕೇತಗಳು ಎನ್‌ಎಫ್‌ಸಿಗೆ ಸಿಕ್ಕುವುದಿಲ್ಲ. ಅವಕ್ಕೆ ನಾನೇ ಒಂದು ಚಿಕ್ಕ ಫಂಕ್ಷನ್ ಬರೆದೆ.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ಲಾಟ್ ನಂಬರ್ ಸೇರಿದ ಷರಾ ಸಾಲುಗಳನ್ನೂ ಇಂಟರ್ನ್ ಮಾಡಿದ್ದೆ. ಹೀಗೆ ಇಟ್ಟದ್ದು ಪ್ರೋಗ್ರಾಮ್ ಮುಗಿಯುವವರೆಗೂ ಬಿಡುಗಡೆ ಆಗುವುದಿಲ್ಲ. ಅಂಗಡಿಯ ಕಂಪ್ಯೂಟರನ್ನು ವಾರಗಟ್ಟಲೆ ಆರಿಸುವುದಿಲ್ಲ, ಹೀಗಾಗಿ ಮೆಮೊರಿ ಏರುತ್ತಲೇ ಹೋಯಿತು. ಈಗ ದಿನದ ಷರಾಗಳಿಗೆ ಜಿಲಿಬ್‌ನದೇ ಜಿಸ್ಟ್ರಿಂಗ್‌ಚಂಕ್ ಇದೆ, ಸ್ಟ್ರಿಂಗ್‌ಗಳನ್ನು ಒಟ್ಟಿಗೆ ಇಡುವ ಜಾಗ. ಲೆಕ್ಕ ಮುಗಿದ ಮೇಲೆ ಒಂದೇ ಸಲ ಎಲ್ಲ ಖಾಲಿ. ಅದರಲ್ಲಿ ಒಂದೇ ಪ್ರತಿಯನ್ನು ಹಂಚಿಕೊಳ್ಳಬೇಕೆಂದರೆ ಇನ್ಸರ್ಟ್_ಕಾನ್ಸ್ಟ್ ಕರೆಯಬೇಕು. ಬರೀ ಇನ್ಸರ್ಟ್ ಅಂದರೆ ಪ್ರತಿ ಸಲವೂ ಹೊಸ ಪ್ರತಿ. ಥ್ರೆಡ್‌ಗಳ ನಡುವಿನ ಲಾಕ್ ಅದಕ್ಕೆ ನಾವೇ ಹಾಕಬೇಕು.

ಬೇಸರ ಇರುವುದು ಒಂದೇ ಕಡೆ. ಇಂಟರ್ನ್ ಮಾಡಿದ್ದೂ ಕಾನ್ಸ್ಟ್ ಚಾರ್ ಪಾಯಿಂಟರ್, ಮಾಡದ್ದೂ ಅದೇ. ಮರೆತು ಎರಡನ್ನು == ಹಾಕಿ ಹೋಲಿಸಿದರೆ ಕಂಪೈಲರ್ ಸುಮ್ನೆ ಇರುತ್ತದೆ, ಉತ್ತರ ತಪ್ಪಾಗುತ್ತದೆ. ಕೊನೆಗೆ ಆ ಪಾಯಿಂಟರನ್ನು ಒಂದು ಪುಟ್ಟ ಸ್ಟ್ರಕ್ಟ್ ಒಳಗಿಟ್ಟೆ, ಹೋಲಿಸಲು ಎರಡು ಸಾಲಿನ ಫಂಕ್ಷನ್ ಬರೆದೆ. ಈಗ ಎಲ್ಲಾದರೂ ಮರೆತರೆ ಕಂಪೈಲರ್ರೇ ತಡೆಯುತ್ತದೆ. ಜಿಕ್ವಾರ್ಕ್ ನಂಬರ್ (ಸ್ಟ್ರಿಂಗ್‌ಗೆ ಜಿಲಿಬ್ ಕೊಡುವ ಗುರುತಿನ ಸಂಖ್ಯೆ) ಬಳಸುವವರು ಅದನ್ನು ಫೈಲಿನಲ್ಲಿ ಬರೆದಿಡಬೇಡಿ. ಮುಂದಿನ ಸಲ ಪ್ರೋಗ್ರಾಮ್ ಶುರುವಾದಾಗ ಅದೇ ನಂಬರ್ ಬೇರೆ ಊರಿಗೆ ಹೋಗಿರಬಹುದು.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಊರು, ತಳಿಗಳಂಥ ಗೊತ್ತಿರುವ ಹೆಸರುಗಳಿಗೆ ಇದಕ್ಕಿಂತ ಚೆನ್ನಾದದ್ದು ನನಗೆ ಬೇಕಿಲ್ಲ. ರೈತರ ಹೆಸರು ಹಾಗಲ್ಲ ಅಲ್ವಾ, ಪ್ರತಿ ವರ್ಷ ಹೊಸಬರು ಬರುತ್ತಾರೆ. ಅದಕ್ಕೆ ಜಿಲಿಬ್ 2.58ರಲ್ಲಿ ಬಂದ ಜಿರೆಫ್‌ಸ್ಟ್ರಿಂಗ್ ಹಾಕುತ್ತಿದ್ದೇನೆ. ಕೊನೆಯ ಬಳಕೆ ಮುಗಿದಾಗ ಹೆಸರು ತಾನಾಗಿಯೇ ಟೇಬಲ್‌ನಿಂದ ಹೋಗುತ್ತದೆ. ಅದರ ಕೆಲಸ ಅರ್ಧ ಆಗಿದೆ, ಮುಂದಿನ ಆವಕದೊಳಗೆ ಮುಗಿಸಬೇಕು.