ಮಂಡಿಪೇಟೆಯ ಅಂಗಡಿಯಿಂದ ಹವಳ ಅಳೆಯುವ ಟೇಪು

ಮೂವತ್ತು ವರ್ಷ ಸರ್ವೆ ಕೆಲಸದಲ್ಲಿ ಸರಪಳಿ ಎಳೆದವನು ನಾನು. 33 ಅಡಿಯ ಸರಪಳಿ, ಅದರಲ್ಲಿ 16 ಆಣೆ ಭಾಗ. ಅಳತೆ ಸಾಮಾನಿನಲ್ಲಿ ನನ್ನನ್ನು ಯಾಮಾರಿಸೋದು ಕಷ್ಟ.

ಮೊಮ್ಮಗಳು ಕಾರವಾರದಲ್ಲಿ ಕಡಲ ಜೀವಿಗಳ ಬಗ್ಗೆ ಎಂಎಸ್ಸಿ ಓದುತ್ತಿದ್ದಾಳೆ. ರಜೆಗೆ ದಾವಣಗೆರೆಗೆ ಬಂದವಳು, "ಅಜ್ಜಾ, ಕಡಲ ತಳದ ಹವಳ ಅಳೆಯೋಕೆ ಟೇಪು, ಸರಪಳಿ ಬೇಕು" ಅಂದಳು. ಅಕ್ಕಸಾಲಿಗರು ಹವಳ ತೂಗೋದು ನೋಡಿದ್ದೆ. ಅಳೆಯೋದು ಕೇಳಿರಲಿಲ್ಲ.

ಮಂಡಿಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋದೆವು. ಮೊದಲು ಉಕ್ಕಿನ ಟೇಪು ತೆಗೆದರು. ಉಪ್ಪುನೀರಿಗೆ ಬೇಕು ಅಂದ ಕೂಡಲೇ ಅದನ್ನು ಒಳಗಿಟ್ಟು 50 ಮೀಟರಿನ ಫೈಬರ್ ಟೇಪು ಕೊಟ್ಟರು. 520 ರೂಪಾಯಿ. ಕೇಳದೆಯೇ ಬಿಲ್ಲು ಬರೆದರು. ಸಣ್ಣ ಕೊಂಡಿಯ ಸರಪಳಿ 10 ಮೀಟರ್ ಕತ್ತರಿಸುವಾಗ ಮಾತ್ರ ಎರಡು ಇಂಚು ಕಡಿಮೆ ಬಿತ್ತು. ಅಳೆದು ತೋರಿಸಿದೆ. ಹುಡುಗ ನಕ್ಕು ಬೇರೆ ತುಂಡು ಕತ್ತರಿಸಿದ.

ಹಿತ್ತಲಲ್ಲೇ ಪರೀಕ್ಷೆ. ಟೇಪಿನ ಕೆಳಗೆ ಏನೇನು ಎಷ್ಟೆಷ್ಟು ಉದ್ದ ಬರುತ್ತೋ ಬರೆದುಕೊಳ್ಳಬೇಕು. ಚೆಂಡುಹೂವಿನ ಗಿಡ ಜೀವಂತ ಹವಳ, ಇಟ್ಟಿಗೆ ಸತ್ತ ಹವಳ, ಮರಳು ಮರಳೇ. 10 ಮೀಟರಿನಲ್ಲಿ ಗಿಡ 3 ಮೀಟರ್ 20 ಸೆಂಟಿ. ಅಂದರೆ ಶೇ 32 ಜೀವಂತ. ಲಕ್ಷದ್ವೀಪದಲ್ಲಿ ಜೀವಂತ ಹವಳ 1998ರಲ್ಲಿ ಸುಮಾರು ಶೇ 37 ಇದ್ದದ್ದು 2022ಕ್ಕೆ ಶೇ 19ರ ಆಸುಪಾಸಿಗೆ ಇಳಿದಿದೆಯಂತೆ. ನೀರು ಬಿಸಿಯಾದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಚಿಕೊಳ್ಳುತ್ತದೆ. ಅದಕ್ಕೆ ಅನ್ನ ಹಾಕೋದು ಆ ಪಾಚಿಯೇ, ಬಹುಪಾಲು.

ನನ್ನ ಕೈಗೆ ಒಗ್ಗದೇ ಹೋದದ್ದು ಸರಪಳಿ. ಹೊಲದಲ್ಲಿ ಅದು ಜೋಲು ಬಿದ್ದರೆ ಮೇಲಿನವರಿಂದ ಬೈಗುಳ. ಇಲ್ಲಿ ಪೂರಾ ಉಲ್ಟಾ. "ಎಳೀಬೇಡ ಅಜ್ಜಾ, ಉಬ್ಬುತಗ್ಗಿನ ಮೇಲೆ ಅದರ ಪಾಡಿಗೆ ಬೀಳಲಿ." 10 ಮೀಟರ್ ಸರಪಳಿ ನೇರಕ್ಕೆ 7 ಮೀಟರ್ ಮಾತ್ರ ಮುಟ್ಟಿತು ಅಂದರೆ ತಳ ಚೆನ್ನಾಗಿ ಒರಟಿದೆ ಅಂತ. ಆ ಸಂದುಗೊಂದಿನಲ್ಲೇ ಸಣ್ಣ ಮೀನು, ಏಡಿ ಅಡಗೋದು. ಹವಳ ಸತ್ತರೂ ಅದರ ಸುಣ್ಣದ ಗೂಡು ಕೆಲಕಾಲ ನಿಂತಿರುತ್ತದೆ, ಮೀನೂ ಇರುತ್ತವೆ. ಅಲೆ ಬಡಿದು ಪುಡಿಯಾದ ಮೇಲೆ ಬರೀ ಬಯಲು. ಅದಕ್ಕೇ ಟೇಪೊಂದೇ ಸಾಲದು. ಕಡಲ ತಳದಲ್ಲಿ ಹವಳದ ದಿಬ್ಬಗಳಿರೋದು ಶೇ 1ಕ್ಕಿಂತ ಕಡಿಮೆ ಜಾಗದಲ್ಲಿ. ಕಡಲ ಜೀವಜಾತಿಗಳಲ್ಲಿ ಸುಮಾರು ಕಾಲು ಪಾಲಿಗೆ ಅದೇ ಆಸರೆ. ಇಷ್ಟು ವರ್ಷ ಎಕರೆ, ಗುಂಟೆ ಅಳೆದೆ, ಅದರಲ್ಲಿ ಯಾರು ಬದುಕಿದ್ದಾರೆ ಅಂತ ಯಾರೂ ಬರೆಸಿಕೊಂಡಿರಲಿಲ್ಲ.

ನೇತ್ರಾಣಿ ದ್ವೀಪದ ಬಳಿ ಎರಡು ಸಲ ನೀರಿಗಿಳಿದು ಬಂದರೂ ಟೇಪಿನ ಅಂಕಿ ಮಾಸಿಲ್ಲ. ಹಿಡಿಯ ಸ್ಕ್ರೂ ಮಾತ್ರ ತುಕ್ಕು ಹಿಡಿಯಿತು. ಅಂಗಡಿಗೆ ಒಯ್ದೆ. ಸ್ಟೀಲ್ ಸ್ಕ್ರೂ ಹಾಕಿ, ದುಡ್ಡು ಬೇಡ ಅಂದರು. ಹೋಗೋದಾದರೆ ಬೆಳಿಗ್ಗೆಯೇ ಹೋಗಿ. ಸಂಜೆ ಲಾರಿಗಳ ನಡುವೆ ಸ್ಕೂಟರ್ ನಿಲ್ಲಿಸೋಕೂ ಜಾಗ ಇರಲ್ಲ.